ಪೆಟ್ಟಿಗೆ ಮೇಲೆ ಬರುವ ಮೊದಲೇ ಪಾಲಿನ ಮಾತು: ಒಂದು ಕಿರು ಅನಿಮೇಷನ್ ಚಿತ್ರ ಇಟ್ಟುಕೊಂಡು ತಂಡದ ಪಾಠ ಮಾಡುವ ಸಮಗ್ರ ಮಾರ್ಗದರ್ಶಿ

ಉತ್ತರ ಕನ್ನಡದವರಿಗೆ ಕೂಡಿ ದುಡಿಯುವುದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಶಿರಸಿಯ ತೋಟಗಾರರ ಸೇಲ್ ಸೊಸೈಟಿ ಹುಟ್ಟಿದ್ದು 1923ರಲ್ಲಿ. ಹೊನ್ನಾವರದ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಯಕ್ಷಗಾನ ಮೇಳ ಕಟ್ಟಿದ್ದು 1934ರಲ್ಲಿ. ಕಾರವಾರದ ಬೈತಖೋಲದಿಂದ ಭಟ್ಕಳದವರೆಗೆ ಮೀನುಗಾರರ ಸಂಘಗಳಿವೆ, ಘಟ್ಟದ ಮೇಲೆ ಊರಿಗೊಂದು ಸೇವಾ ಸಹಕಾರಿ ಸಂಘ, ಕೇರಿಗೊಂದು ಸ್ವಸಹಾಯ ಸಂಘ. ಆದರೂ ‘ನಾಯಕತ್ವ ಮತ್ತು ತಂಡ ನಿರ್ವಹಣೆ ತರಬೇತಿ’ ಎಂದು ಬ್ಯಾನರ್ ಕಟ್ಟಿದ ಕೂಡಲೇ ನಮ್ಮ ಜನ ಮೌನವಾಗಿಬಿಡುತ್ತಾರೆ. ಪರದೆಯ ಮೇಲೆ ಬಾಣ, ಚೌಕ, ತ್ರಿಕೋನ ಓಡುತ್ತವೆ, ಮಧ್ಯಾಹ್ನದ ಊಟ ಆಗುತ್ತದೆ, ಪ್ರಮಾಣಪತ್ರ ಹಿಡಿದು ಫೋಟೊ ತೆಗೆಸಿಕೊಂಡು ಎಲ್ಲರೂ ಮನೆಗೆ ಹೋಗುತ್ತಾರೆ. ಸಂಘದೊಳಗಿನ ಕಸಿವಿಸಿ ಇದ್ದಲ್ಲೇ ಇರುತ್ತದೆ.

ಇದಕ್ಕಿಂತ ಬೇರೆ ದಾರಿಯೊಂದಿದೆ. ಏಳೆಂಟು ನಿಮಿಷದ, ಮಾತೇ ಇಲ್ಲದ ಒಂದು ಬೊಂಬೆ ಚಿತ್ರ ತೋರಿಸಿ, ಒಂದೊಪ್ಪತ್ತು ಕುಳಿತು ಮಾತಾಡಿಸುವುದು. ಸೊಸೈಟಿಯ ಸಿಬ್ಬಂದಿಗೆ, ಮಹಿಳಾ ಸಂಘಗಳಿಗೆ, ಶಿಕ್ಷಕರಿಗೆ ನಾನು ಇದನ್ನೇ ಮಾಡಿಸುತ್ತ ಬಂದಿದ್ದೇನೆ. ಯಾರು ಬೇಕಾದರೂ ಮಾಡಿಸಬಹುದು, ದೊಡ್ಡ ಓದು ಬೇಡ. ಎಲ್ಲಿ ಸುಮ್ಮನಿರಬೇಕು, ಎಲ್ಲಿ ಕೇಳಬೇಕು ಎಂಬ ಹದ ಗೊತ್ತಿದ್ದರಾಯಿತು.

ಚಿತ್ರ ಯಾವುದು, ಅದರಲ್ಲಿ ಏನಾಗುತ್ತದೆ

ಚಿತ್ರದ ಹೆಸರು ‘ಬ್ಯಾಲೆನ್ಸ್’. ಜರ್ಮನಿಯ ಅವಳಿ ಸಹೋದರರಾದ ಕ್ರಿಸ್ಟೋಫ್ ಮತ್ತು ವೋಲ್ಫ್‌ಗಾಂಗ್ ಲಾವೆನ್‌ಸ್ಟೈನ್ 1989ರಲ್ಲಿ ಮಾಡಿದ್ದು. ಬೊಂಬೆಗಳನ್ನು ಕೂದಲೆಳೆಯಷ್ಟು ಸರಿಸುತ್ತ ಒಂದೊಂದೇ ಚೌಕಟ್ಟನ್ನು ಚಿತ್ರಿಸಿ ಜೋಡಿಸುವ ಸ್ಟಾಪ್ ಮೋಷನ್ ವಿಧಾನ. ಆ ವರ್ಷದ ಅತ್ಯುತ್ತಮ ಅನಿಮೇಷನ್ ಕಿರುಚಿತ್ರಕ್ಕಿರುವ ಆಸ್ಕರ್ ಇದಕ್ಕೆ ಬಂತು.

ಶೂನ್ಯದಲ್ಲಿ ತೇಲುವ ಒಂದು ಚೌಕ ಹಲಗೆ. ಅದರ ಮೇಲೆ ಉದ್ದ ಕೋಟು ತೊಟ್ಟ ಐದು ಜನ. ಎಲ್ಲರದೂ ಒಂದೇ ಬಗೆಯ ಬೋಳು ತಲೆ, ಒಣಗಿದ ಮುಖ, ಬೆನ್ನಿನ ಮೇಲೆ ಒಂದೊಂದು ಸಂಖ್ಯೆ. ಒಬ್ಬ ಒಂದು ಹೆಜ್ಜೆ ಸರಿದರೆ ಹಲಗೆ ವಾಲುತ್ತದೆ, ಆದ್ದರಿಂದ ಉಳಿದವರೂ ಅದಕ್ಕೆ ಸರಿಯಾಗಿ ಸರಿಯಬೇಕು. ಅಂಚಿಗೆ ಬಂದು ಐವರೂ ಗಾಳ ಹಾಕುತ್ತಾರೆ. ಒಬ್ಬನ ಗಾಳಕ್ಕೆ ಭಾರವಾದದ್ದೇನೋ ಸಿಕ್ಕುತ್ತದೆ, ಅವನು ಎಳೆಯುವಾಗ ಉಳಿದವರು ಎದುರು ಬದಿಗೆ ಹೋಗಿ ತೂಕ ಕೊಡುತ್ತಾರೆ. ಮೇಲೆ ಬಂದದ್ದು ಒಂದು ದೊಡ್ಡ ಪೆಟ್ಟಿಗೆ, ಒಳಗಿಂದ ಸಂಗೀತ ಬರುತ್ತದೆ. ಅಲ್ಲಿಂದ ಎಲ್ಲರಿಗೂ ಅದು ತನ್ನ ಹತ್ತಿರವೇ ಬೇಕು. ಹಲಗೆ ವಾಲುತ್ತದೆ, ಪೆಟ್ಟಿಗೆ ಜಾರುತ್ತದೆ, ಒಬ್ಬೊಬ್ಬರೇ ಕೆಳಗೆ ಬೀಳುತ್ತಾರೆ. ಕೊನೆಗೆ ಒಬ್ಬ ಮಾತ್ರ ಉಳಿಯುತ್ತಾನೆ. ಪೆಟ್ಟಿಗೆ ಹಲಗೆಯ ಆ ತುದಿಯಲ್ಲಿ, ಅವನು ಈ ತುದಿಯಲ್ಲಿ. ಒಂದು ಹೆಜ್ಜೆ ಇಟ್ಟರೂ ಎಲ್ಲ ಮುಗಿಯಿತು.

ಸಂಭಾಷಣೆ ಇಲ್ಲದಿರುವುದು ನಮಗೆ ದೊಡ್ಡ ಅನುಕೂಲ. ಕಾರವಾರದಲ್ಲಿ ಕೊಂಕಣಿ ಮನೆಮಾತಿನವರು, ಶಿರಸಿಯಲ್ಲಿ ಹವ್ಯಕರು, ಮುಂಡಗೋಡದ ಕಡೆಯಿಂದ ಬಂದವರು, ಭಟ್ಕಳದ ನವಾಯತಿ ಮಾತಿನವರು, ಎಲ್ಲರಿಗೂ ಚಿತ್ರ ಸಮಾನವಾಗಿ ಸಿಗುತ್ತದೆ. ಓದು ಬಾರದ ಅಜ್ಜಿಗೂ, ಎಂಬಿಎ ಮಾಡಿ ಊರಿಗೆ ಮರಳಿದ ಮೊಮ್ಮಗನಿಗೂ.

ಮೊದಲು ನೀವೊಬ್ಬರೇ ನೋಡಿ

ತೋರಿಸುವವರು ಚಿತ್ರವನ್ನು ಕನಿಷ್ಠ ಮೂರು ಸಲ ನೋಡಿರಬೇಕು. ಮೊದಲ ಸಲ ಸುಮ್ಮನೆ. ಎರಡನೇ ಸಲ ಐವರ ಪೈಕಿ ಒಬ್ಬನನ್ನೇ ಕಣ್ಣಲ್ಲಿ ಹಿಡಿದುಕೊಂಡು ಕೊನೆಯವರೆಗೆ ಹಿಂಬಾಲಿಸಿ. ಗಾಳಕ್ಕೆ ಪೆಟ್ಟಿಗೆ ಸಿಕ್ಕವನನ್ನು ಬಿಟ್ಟು ಬೇರೊಬ್ಬನನ್ನು ಆರಿಸಿಕೊಳ್ಳಿ. ಬೆನ್ನಿನ ಸಂಖ್ಯೆ ಇದಕ್ಕೆ ಉಪಯೋಗಕ್ಕೆ ಬರುತ್ತದೆ. ಹೀಗೆ ನೋಡಿದರೆ ಕಥೆಯೇ ಬೇರೆಯಾಗಿ ಕಾಣುತ್ತದೆ: ಎದುರು ಬದಿಯಲ್ಲಿ ತೂಕ ಕೊಟ್ಟು ನಿಂತವನಿಗೆ ಪೆಟ್ಟಿಗೆ ಹೇಗಿದೆ ಎಂದು ಸರಿಯಾಗಿ ಕಾಣುವುದೂ ಇಲ್ಲ. ಮೂರನೇ ಸಲ ನೋಡುವಾಗ ಎಲ್ಲೆಲ್ಲಿ ನಿಲ್ಲಿಸಬೇಕೋ ಆ ಜಾಗಗಳ ನಿಮಿಷ, ಸೆಕೆಂಡು ಬರೆದಿಟ್ಟುಕೊಳ್ಳಿ. ಜನರ ಮುಂದೆ ನಿಂತು ಹಿಂದೆ ಮುಂದೆ ಓಡಿಸಿ ಹುಡುಕುತ್ತ ಕೂತರೆ ಕಾವು ಇಳಿದುಹೋಗುತ್ತದೆ.

ಯಾರಿಗೆ, ಯಾವಾಗ, ಎಲ್ಲಿ

ಎಂಟರಿಂದ ಇಪ್ಪತ್ತು ಜನ ಸಾಕು. ಅದಕ್ಕಿಂತ ಹೆಚ್ಚಾದರೆ ಮಾತಾಡುವವರೇ ಮಾತಾಡುತ್ತಾರೆ, ಹಿಂದಿನ ಸಾಲಿನವರು ಕೇಳಿಸಿಕೊಂಡು ಎದ್ದು ಹೋಗುತ್ತಾರೆ. ಒಟ್ಟಿಗೆ ಕೆಲಸ ಮಾಡುವವರನ್ನೇ ಕೂರಿಸಿ. ಹತ್ತು ಸಂಘಗಳ ಇಬ್ಬಿಬ್ಬರನ್ನು ಕರೆದು ಮಾಡಿದರೆ ಚಿತ್ರದ ಮೇಲೆ ಒಳ್ಳೆಯ ಚರ್ಚೆ ಆದೀತು, ಸಂಘದ ಮೇಲೆ ಆಗದು.

ಜಗಳ ಕುದಿಯುತ್ತಿರುವಾಗ ಮಾಡಬೇಡಿ. ಲೆಕ್ಕಪತ್ರದ ತಕರಾರು ನಡೆದಿರುವ ಸಂಘದಲ್ಲಿ ಈ ಚಿತ್ರ ಹಾಕಿದರೆ ಪೆಟ್ಟಿಗೆ ಕಂಡ ಕೂಡಲೇ ಎಲ್ಲರ ಕಣ್ಣೂ ಒಬ್ಬರ ಮೇಲೆ ಬೀಳುತ್ತದೆ. ತಕರಾರು ಮೊದಲು ಅದರ ದಾರಿಯಲ್ಲೇ ತೀರಲಿ.

ಕಾಲ ನೋಡಿಕೊಳ್ಳಬೇಕು. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಬೋಟಿನವರು ದಡದಲ್ಲಿ ಬಲೆ ಹೆಣೆಯುತ್ತ ಕೂತಿರುವ ಆ ದಿನಗಳೇ ಸರಿ. ಘಟ್ಟದ ಮೇಲೆ ಅದೇ ಹೊತ್ತಿಗೆ ತೋಟಕ್ಕೆ ಮದ್ದು ಹೊಡೆಯುವ ಗಡಿಬಿಡಿ, ಧೋ ಮಳೆ, ಕರೆಂಟು ಯಾವಾಗ ಹೋಗುತ್ತದೆ ಎಂದು ಹೇಳಲಾಗದು. ಅಲ್ಲಿ ಮಳೆ ಹಿಂದೆ ಸರಿದ ಮೇಲೆ, ಅಡಿಕೆಯ ಕೊನೆಕೊಯ್ಲು ಶುರುವಾಗುವ ಮೊದಲು ಸಿಗುವ ವಾರಗಳನ್ನು ಹಿಡಿದುಕೊಳ್ಳಿ. ಯಕ್ಷಗಾನ ಮೇಳದವರಾದರೆ ತಿರುಗಾಟ ಹೊರಡುವ ಮುಂಚೆ.

ದೊಡ್ಡ ಸಭಾಭವನ ಬೇಡ, ಸೊಸೈಟಿಯ ಮೀಟಿಂಗ್ ಕೋಣೆ, ಶಾಲೆಯ ಒಂದು ತರಗತಿ, ಮನೆಯ ಜಗಲಿ ಆದರೂ ಆಯಿತು. ಪ್ರೊಜೆಕ್ಟರ್ ಇಲ್ಲದಿದ್ದರೆ ದೊಡ್ಡ ಟಿವಿ. ಸ್ಪೀಕರ್ ಮಾತ್ರ ಒಳ್ಳೆಯದಿರಲಿ, ಏಕೆಂದರೆ ಮಾತಿಲ್ಲದ ಈ ಚಿತ್ರದಲ್ಲಿ ಅರ್ಧ ಕಥೆಯನ್ನು ಹೆಜ್ಜೆಯ ಸದ್ದು, ಹಲಗೆಯ ಕಿರುಗುಟ್ಟುವಿಕೆ ಹೇಳುತ್ತವೆ. ಅಧಿಕೃತವಾಗಿ ಸಿಗುವ ಕಡೆಯಿಂದಲೇ ಚಿತ್ರ ತೆಗೆದುಕೊಳ್ಳಿ, ನೆಟ್‌ವರ್ಕ್ ಕೈಕೊಡದ ಜಾಗ ಆರಿಸಿ, ಮುಂಚಿತವಾಗಿ ಒಮ್ಮೆ ಓಡಿಸಿ ನೋಡಿ. ಎಲ್ಲರೂ ಅರ್ಧ ವೃತ್ತದಲ್ಲಿ, ಸಾಧ್ಯವಾದರೆ ಚಾಪೆಯ ಮೇಲೆ ಕೂರಲಿ. ಅಧ್ಯಕ್ಷರಿಗೆ ಬೇರೆ ಕುರ್ಚಿ ಹಾಕಬೇಡಿ.

ಮೊದಲ ಸಲ: ಪೀಠಿಕೆ ಬೇಡ

‘ಇದರಿಂದ ನಾವು ಕಲಿಯಬೇಕಾದದ್ದು...’ ಎಂದು ಶುರುಮಾಡಿದರೆ ಅಲ್ಲಿಗೆ ಕೆಟ್ಟಿತು. ಚಿತ್ರದ ಹೆಸರನ್ನೂ ಹೇಳಬೇಡಿ. ‘ಒಂದು ಚಿತ್ರ ನೋಡೋಣ, ಆಮೇಲೆ ಮಾತಾಡೋಣ’ ಎಂದಷ್ಟೇ ಹೇಳಿ ಹಾಕಿ.

ಮುಗಿದ ಮೇಲೆ ದೀಪ ಹಾಕಲು ಅವಸರ ಬೇಡ. ಅರ್ಧ ನಿಮಿಷ ಯಾರೂ ಮಾತಾಡುವುದಿಲ್ಲ, ಆಡದಿರಲಿ. ಆಮೇಲೆ ಒಂದೇ ಪ್ರಶ್ನೆ: ‘ಏನು ಕಂಡಿರಿ?’ ಏನು ತಿಳಿಯಿತು ಎಂದು ಕೇಳುವ ಹೊತ್ತು ಇದಲ್ಲ. ಕಂಡದ್ದನ್ನು ಹೇಳುವುದು ಎಲ್ಲರಿಗೂ ಬರುತ್ತದೆ. ‘ಕೋಟಿನ ಬೆನ್ನ ಮೇಲೆ ನಂಬರಿತ್ತು’, ‘ಯಾರೂ ನಗಲೇ ಇಲ್ಲ’, ‘ಪೆಟ್ಟಿಗೆಯ ಮೇಲೇ ಹತ್ತಿ ಕೂತ ಒಬ್ಬ’. ಹೀಗೆ ಒಂದೊಂದಾಗಿ ಬರುತ್ತವೆ. ಹೇಳಿದ್ದನ್ನೆಲ್ಲ ಗೋಡೆಗೆ ಅಂಟಿಸಿದ ದೊಡ್ಡ ಕಾಗದದ ಮೇಲೆ, ಹೇಳಿದವರ ಮಾತಿನಲ್ಲೇ ಬರೆಯಿರಿ. ತಿದ್ದಬೇಡಿ.

ಈ ಹೊತ್ತಿಗೆ ಯಾರಾದರೊಬ್ಬರು ‘ಒಗ್ಗಟ್ಟಿನಲ್ಲಿ ಬಲವಿದೆ’ ಎಂದೋ ‘ಅತಿಯಾಸೆ ಗತಿಗೇಡು’ ಎಂದೋ ಹೇಳಿಯೇ ಹೇಳುತ್ತಾರೆ. ಅದನ್ನೂ ಬರೆದುಕೊಳ್ಳಿ, ಆದರೆ ಅಲ್ಲಿಗೆ ನಿಲ್ಲಿಸಬೇಡಿ. ಗಾದೆ ಬಂದ ಕೂಡಲೇ ಎಲ್ಲರೂ ತಲೆಯಾಡಿಸಿ ಮಾತು ಮುಗಿಸುತ್ತಾರೆ. ಆಸೆ ಎಲ್ಲರಿಗೂ ಇದ್ದದ್ದೇ. ಆ ಐವರು ಗಾಳ ಹಾಕಿದ್ದೂ ಏನಾದರೂ ಸಿಗಲಿ ಎಂಬ ಆಸೆಯಿಂದಲೇ ತಾನೇ? ಹಾಗಾದರೆ ಎಡವಿದ್ದು ಎಲ್ಲಿ? ಈ ಪ್ರಶ್ನೆಯನ್ನು ಗಾಳಿಯಲ್ಲಿ ಬಿಟ್ಟು ಹತ್ತು ನಿಮಿಷ ಚಹಾಕ್ಕೆ ಬಿಡಿ.

ಎರಡನೇ ಸಲ: ನಾಲ್ಕು ಕಡೆ ನಿಲ್ಲಿಸಿ

ಇಡೀ ಕೆಲಸದ ಜೀವ ಇರುವುದು ಈ ಹಂತದಲ್ಲಿ. ಇದಕ್ಕೆ ಒಂದು ಗಂಟೆಯನ್ನಾದರೂ ಇಟ್ಟುಕೊಳ್ಳಿ.

ಮೊದಲನೆಯದಾಗಿ, ಐವರೂ ಹೆಜ್ಜೆಗೆ ಹೆಜ್ಜೆ ಹೊಂದಿಸಿ ಅಂಚಿಗೆ ಹೋಗುವಲ್ಲಿ ನಿಲ್ಲಿಸಿ. ‘ಇವರಲ್ಲಿ ಯಜಮಾನ ಯಾರು?’ ಎಂದು ಕೇಳಿ. ಒಬ್ಬೊಬ್ಬರು ಒಬ್ಬೊಬ್ಬನನ್ನು ತೋರಿಸುತ್ತಾರೆ, ಕೊನೆಗೆ ಯಾರೂ ಅಲ್ಲ ಎಂಬಲ್ಲಿಗೆ ಬರುತ್ತಾರೆ. ಆಜ್ಞೆ ಕೊಡುವವರಿಲ್ಲದೆ ಹಲಗೆ ಹೇಗೆ ನಿಂತಿತು? ಪ್ರತಿಯೊಬ್ಬನೂ ಉಳಿದ ನಾಲ್ವರ ಕಾಲು ಗಮನಿಸುತ್ತಿದ್ದ, ಅದರಿಂದ. ಇದನ್ನು ನಮ್ಮವರಿಗೆ ವಿವರಿಸಬೇಕಾಗಿಲ್ಲ, ಕೊನೆಕೊಯ್ಲು ನೋಡಿದವರಿಗೆ ಗೊತ್ತು. ಮರದ ಮೇಲಿರುವ ಕೊನೆಗೌಡ ಗೊನೆ ಕೊಯ್ದು ಹಗ್ಗಕ್ಕೆ ಬಿಡುವ ಹೊತ್ತಿಗೆ, ಕೆಳಗೆ ಹಗ್ಗದ ತುದಿ ಹಿಡಿದು ನಿಂತವನು ಎಳೆತ ಸರಿಯಾಗಿ ಇಟ್ಟಿರಬೇಕು. ಸಡಿಲವಾದರೆ ಗೊನೆ ಮರಕ್ಕೆ ಬಡಿದು ಅಡಿಕೆ ಉದುರುತ್ತದೆ. ಇಬ್ಬರ ನಡುವೆ ಆಗುವ ಮಾತು ‘ಹೋ’ ಎನ್ನುವ ಒಂದು ಕೂಗು ಅಷ್ಟೇ. ಕರಾವಳಿಯ ಗುಂಪಾದರೆ ಬೋಟಿನ ಉದಾಹರಣೆಯನ್ನು ಅವರಿಂದಲೇ ಹೇಳಿಸಿ.

ಎರಡನೆಯದು, ಒಬ್ಬ ಭಾರ ಎಳೆಯುತ್ತಿರುವಾಗ ಉಳಿದವರು ಎದುರು ಬದಿಗೆ ಹೋದಲ್ಲಿ. ಕೇಳಬೇಕಾದ ಪ್ರಶ್ನೆ: ‘ಪೆಟ್ಟಿಗೆ ಎತ್ತಿದ್ದು ಯಾರು?’ ಗಾಳ ಹಿಡಿದವನು ಎಂದು ತಕ್ಷಣ ಉತ್ತರ ಬರುತ್ತದೆ. ಸ್ವಲ್ಪ ಹೊತ್ತು ಕಾದರೆ ಯಾರಾದರೂ, ಹೆಚ್ಚಾಗಿ ಮೂಲೆಯಲ್ಲಿ ಕೂತವರೇ, ‘ಉಳಿದವರು ಆಚೆ ನಿಲ್ಲದಿದ್ದರೆ ಅವನೂ ಮಗುಚುತ್ತಿದ್ದ’ ಎನ್ನುತ್ತಾರೆ. ಅಲ್ಲಿ ಹಿಡಿದುಕೊಳ್ಳಿ. ನಿಮ್ಮ ಸಂಘದಲ್ಲಿ ಆಚೆ ಬದಿಯಲ್ಲಿ ನಿಂತಿರುವವರು ಯಾರು? ವ್ಯಾಪಾರ ಕುದುರಿಸಿದ ಕಾರ್ಯದರ್ಶಿಯ ಹೆಸರು ವರದಿಯಲ್ಲಿ ಬರುತ್ತದೆ. ರಾತ್ರಿ ಕೂತು ಬಿಲ್ಲು ತಾಳೆ ನೋಡಿದವರು, ಗೋದಾಮಿನಲ್ಲಿ ಚೀಲ ಲೆಕ್ಕ ಹಾಕಿದವರು, ಬೆಳಿಗ್ಗೆ ಬಾಗಿಲು ತೆರೆದವರು ಎಲ್ಲೂ ಬರುವುದಿಲ್ಲ. ಯಕ್ಷಗಾನದ ಆಟದಲ್ಲಿ ಭಾಗವತರಿಗೆ, ವೇಷಧಾರಿಗೆ ಚಪ್ಪಾಳೆ ಬೀಳುತ್ತದೆ, ಚೌಕಿಯಲ್ಲಿ ವೇಷ ಕಟ್ಟಲು ನೆರವಾದವರನ್ನು ಯಾರೂ ಕೇಳುವುದಿಲ್ಲ. ಪ್ರತಿಯೊಬ್ಬರೂ ತಮಗೆ ಕಾಣದೆ ತೂಕ ಕೊಡುತ್ತಿರುವ ಒಬ್ಬರ ಹೆಸರನ್ನು, ಅವರು ಮಾಡುವ ಕೆಲಸದ ಸಮೇತ, ಜೋರಾಗಿ ಹೇಳಲಿ. ಹೆಸರು ಬಂದವರ ಮುಖ ನೋಡಿ. ಇಡೀ ದಿನದಲ್ಲಿ ನನಗೆ ಅತಿ ಬೆಲೆಬಾಳುವ ಹತ್ತು ನಿಮಿಷ ಇದೇ.

ಮೂರನೆಯದು, ಪೆಟ್ಟಿಗೆ ಹಲಗೆಯ ಮೇಲೆ ಬಂದು ಮೊದಲ ಸಲ ಸಂಗೀತ ಕೇಳಿಸುವಲ್ಲಿ. ಇನ್ನೂ ಯಾರೂ ಬಿದ್ದಿಲ್ಲ, ಯಾರ ಮನಸ್ಸಿನಲ್ಲೂ ಕೊಲ್ಲುವ ಯೋಚನೆ ಇಲ್ಲ. ‘ಈ ಕ್ಷಣದಲ್ಲಿ ಅವರು ಒಂದು ಮಾತು ಆಡಿಕೊಳ್ಳಬಹುದಿತ್ತು ಎಂದರೆ ಯಾವ ಮಾತು?’ ಎಂದು ಕೇಳಿ. ‘ಸರದಿಯಲ್ಲಿ ಕೇಳೋಣ’ ಎನ್ನುವವರಿದ್ದಾರೆ, ‘ಅದನ್ನು ನಡುವೆ ಇಡೋಣ’ ಎನ್ನುವವರಿದ್ದಾರೆ, ‘ವಾಪಸ್ ಎಸೆದುಬಿಡೋಣ’ ಎನ್ನುವವರೂ. ಎಲ್ಲ ಉತ್ತರಗಳಿಗೂ ಜಾಗ ಕೊಡಿ. ಆಮೇಲೆ ಕೇಳಿ: ಇದೇ ಮಾತನ್ನು ಪೆಟ್ಟಿಗೆ ಬರುವ ಮೊದಲು ಆಡಿದ್ದರೆ ಸುಲಭವಾಗುತ್ತಿತ್ತೋ, ಬಂದ ಮೇಲೆ ಸುಲಭವೋ?

ನನ್ನ ಪ್ರಕಾರ ಚಿತ್ರದ ತಿರುಳು ಇಲ್ಲಿದೆ. ಆ ಐವರಿಗೆ ನಡೆಯುವ ನಿಯಮ ಗೊತ್ತಿತ್ತು, ಗಾಳ ಹಾಕುವ ನಿಯಮ ಗೊತ್ತಿತ್ತು, ಒಬ್ಬರಿಗೊಬ್ಬರು ತೂಕ ಕೊಡುವುದೂ ಗೊತ್ತಿತ್ತು. ಸಿಕ್ಕಿದ್ದನ್ನು ಏನು ಮಾಡಬೇಕು ಎಂಬುದಕ್ಕೆ ಮಾತ್ರ ನಿಯಮವಿರಲಿಲ್ಲ. ಬರಗಾಲದಲ್ಲಿ ಒಟ್ಟಿಗಿದ್ದ ಎಷ್ಟೋ ಸಂಘಗಳು ಲಾಭ ಬಂದ ವರ್ಷ ಒಡೆಯುವುದು ಇದೇ ಕಾರಣಕ್ಕೆ.

ನಾಲ್ಕನೆಯದು, ಮೊದಲ ವ್ಯಕ್ತಿ ಕೆಳಗೆ ಬಿದ್ದಲ್ಲಿ. ಇಲ್ಲಿ ಹೆಚ್ಚು ಮಾತು ಬೇಡ. ‘ಈಗ ಉಳಿದವರಿಗೆ ಅನುಕೂಲ ಆಯಿತೋ, ಕಷ್ಟ ಆಯಿತೋ?’ ಎಂದು ಕೇಳಿ, ಉತ್ತರ ತೆಗೆದುಕೊಳ್ಳದೆ ಚಿತ್ರ ಮುಗಿಯಲು ಬಿಡಿ. ಉತ್ತರ ಮುಂದಿನ ಹಂತದಲ್ಲಿ ಅವರ ಕೈಗೇ ಸಿಗುತ್ತದೆ.

ಹರಿವಾಣದ ಪ್ರಯೋಗ

ಬೇಕಾದದ್ದು: ಒಂದು ದೊಡ್ಡ ಹರಿವಾಣ, ಬುಡ ಸಮತಟ್ಟಾದ ಒಂದು ತಂಬಿಗೆ, ನೂರು ಗ್ರಾಂ ಅಕ್ಕಿ ಕಟ್ಟಿದ ಐದು ಪೊಟ್ಟಣ, ಮುನ್ನೂರು ಗ್ರಾಂ ಬೆಲ್ಲದ ಒಂದು ಪೊಟ್ಟಣ. ತಂಬಿಗೆ ಮಗುಚಿಟ್ಟು ಅದರ ಮೇಲೆ ಹರಿವಾಣ ಕೂರಿಸಿ. ಕೆಳಗೆ ಒಂದು ಚಾಪೆ ಅಥವಾ ಗೋಣಿ ಹಾಸಿ, ಬೀಳುವುದು ಗ್ಯಾರಂಟಿ.

ಐವರನ್ನು ಸುತ್ತ ಕೂರಿಸಿ, ಒಬ್ಬೊಬ್ಬರ ಕೈಗೆ ಒಂದು ಅಕ್ಕಿ ಪೊಟ್ಟಣ ಕೊಡಿ. ಮಾತಾಡುವಂತಿಲ್ಲ. ಐವರೂ ಒಟ್ಟಿಗೆ ತಮ್ಮ ಪೊಟ್ಟಣವನ್ನು ಹರಿವಾಣದ ಅಂಚಿನಲ್ಲಿ ಇಡಬೇಕು. ಒಂದೆರಡು ಸಲ ಮಗುಚಿದ ಮೇಲೆ ಕೈಗಳು ತಾವಾಗಿಯೇ ಹೊಂದಿಕೊಳ್ಳುತ್ತವೆ. ಆಗ ನೀವು ಬೆಲ್ಲದ ಪೊಟ್ಟಣವನ್ನು ಒಂದು ಬದಿಯ ಅಂಚಿನ ಕಡೆಗೆ ನಿಧಾನವಾಗಿ ತನ್ನಿ. ಅವರು ಅಕ್ಕಿಯ ಪೊಟ್ಟಣಗಳನ್ನು ಸರಿಸಿ ಸಮ ಮಾಡಲಿ. ಐದು ಪೊಟ್ಟಣ ಇರುವಾಗ ಬೇರೆ ಬೇರೆ ರೀತಿಯಲ್ಲಿ ಇಟ್ಟು ಸಮ ಮಾಡಬಹುದು. ಒಂದನ್ನು ತೆಗೆದುಬಿಡಿ. ಇನ್ನೊಂದನ್ನೂ ತೆಗೆಯಿರಿ. ಮೂರೇ ಉಳಿದಾಗ, ಬೆಲ್ಲ ಅಂಚಿನಲ್ಲಿದ್ದರೆ, ಮೂರೂ ಎದುರು ಅಂಚಿನಲ್ಲಿ ಒಂದೇ ಕಡೆ ಗುಂಪಾಗಿ ಕೂರಬೇಕು, ಅಲುಗಾಡುವಂತಿಲ್ಲ. ಇನ್ನೂ ಒಂದು ತೆಗೆದರೆ ಬೆಲ್ಲವನ್ನು ಒಳಗೆ ಸರಿಸದೆ ಗತಿಯಿಲ್ಲ. ಕೊನೆಗೆ ಒಂದೇ ಪೊಟ್ಟಣ ಅಂಚಿನಲ್ಲಿ ಉಳಿದಾಗ, ಬೆಲ್ಲ ಅದರ ಎದುರು ಬದಿಯಲ್ಲಿ, ನಡುವಿನಿಂದ ಅಂಚಿಗಿರುವ ದೂರದ ಮೂರನೇ ಒಂದು ಪಾಲಿನ ಆಸುಪಾಸಿನಲ್ಲೇ ಇರಬೇಕು. ತೂಕವನ್ನು ನಡುವಿನಿಂದಿರುವ ದೂರದಿಂದ ಗುಣಿಸಿದರೆ ಎರಡೂ ಕಡೆ ಒಂದೇ ಬರಬೇಕೆಂಬ ಲೆಕ್ಕ ಅದು, ಹೈಸ್ಕೂಲಿನಲ್ಲಿ ಓದಿದ ಸನ್ನೆಗೋಲಿನ ನಿಯಮ.

ಜನ ಇದನ್ನು ನೋಡಿದ ಮೇಲೆ, ಹಿಂದೆ ಬಿಟ್ಟ ಪ್ರಶ್ನೆಗೆ ಮರಳಿ. ಒಬ್ಬರನ್ನು ಹೊರಗೆ ಹಾಕಿದರೆ ಉಳಿದವರ ಪಾಲು ಹೆಚ್ಚುತ್ತದೆ ಎಂದು ಮೇಲ್ನೋಟಕ್ಕೆ ಅನಿಸುತ್ತದೆ. ಆದರೆ ಕಣ್ಣೆದುರು ಆದದ್ದೇನು? ಒಂದೊಂದು ಪೊಟ್ಟಣ ಹೋದಂತೆ ಉಳಿದವುಗಳ ಓಡಾಟಕ್ಕೆ ಜಾಗ ಕಡಿಮೆಯಾಯಿತು. ಹತ್ತು ಸಿಬ್ಬಂದಿಯ ಸೊಸೈಟಿಯಲ್ಲಿ ಒಬ್ಬರು ಬೇಸರಪಟ್ಟು ಬಿಟ್ಟುಹೋದರೆ ಉಳಿದವರಿಗೆ ರಜೆ ಸಿಗುವುದಿಲ್ಲ, ಊರಿನ ಜಾತ್ರೆಗೂ ಹೋಗಲಾಗುವುದಿಲ್ಲ. ಸಂಬಳ ಅದೇ, ನಿಲ್ಲುವ ಜಾಗ ಮಾತ್ರ ಕಿರಿದು.

ಇನ್ನೊಂದು ಸಂಗತಿ ಸಾಮಾನ್ಯವಾಗಿ ಭಾಗವಹಿಸುವವರೇ ಕಂಡುಹಿಡಿಯುತ್ತಾರೆ, ಕಂಡುಹಿಡಿಯುವವರೆಗೆ ನೀವು ಬಾಯಿಬಿಡಬೇಡಿ. ಬೆಲ್ಲವನ್ನು ಹರಿವಾಣದ ನಟ್ಟನಡುವೆ ಇಟ್ಟರೆ ಎಲ್ಲ ಪೊಟ್ಟಣಗಳೂ ಸುತ್ತ ಸಮನಾಗಿ ಅದರ ಹತ್ತಿರ ಬರಬಹುದು. ಭಾರ ಅಷ್ಟೇ ಇದೆ, ಇಟ್ಟ ಜಾಗ ಬೇರೆ. ಸಂಘದಲ್ಲಿ ನಡು ಎಂದರೆ ಎಲ್ಲರ ಕಣ್ಣಿಗೂ ಬೀಳುವ ಜಾಗ: ಗೋಡೆಗೆ ಅಂಟಿಸಿದ ಲೆಕ್ಕ, ಎಲ್ಲರೆದುರು ಓದಿದ ಆರ್ಡರ್ ಪತ್ರ, ಇಬ್ಬರ ಸಹಿ ಇಲ್ಲದೆ ತೆಗೆಯಲಾಗದ ಬ್ಯಾಂಕ್ ಖಾತೆ.

ನಿಮ್ಮ ಪೆಟ್ಟಿಗೆ ಯಾವುದು

ಈಗ ಚಿತ್ರವನ್ನು ಬದಿಗಿಟ್ಟು ಎಲ್ಲರಿಗೂ ಒಂದೊಂದು ಚೀಟಿ ಕೊಡಿ. ಪ್ರಶ್ನೆ ಒಂದೇ: ‘ಮುಂದಿನ ಒಂದು ವರ್ಷದಲ್ಲಿ ನಮ್ಮ ನಡುವೆ ಏನು ಬಂದರೆ ಹಲಗೆ ವಾಲುತ್ತದೆ?’ ಹೆಸರು ಬರೆಯುವುದು ಬೇಡ. ಚೀಟಿ ಒಟ್ಟು ಮಾಡಿ, ಕಲಸಿ, ನೀವೇ ಓದಿ.

ಕೆಟ್ಟ ಸುದ್ದಿಗಿಂತ ಒಳ್ಳೆಯ ಸುದ್ದಿಯನ್ನೇ ಹೆಚ್ಚು ಜನ ಬರೆದಿರುತ್ತಾರೆ. ಮಹಿಳಾ ಸಂಘದವರಾದರೆ ಬೆಂಗಳೂರಿನಿಂದ ಹಲಸಿನ ಹಪ್ಪಳಕ್ಕೆ ಬರಬಹುದಾದ ದೊಡ್ಡ ಆರ್ಡರ್, ಸರ್ಕಾರದ ಅನುದಾನ, ಹೊಸ ಯಂತ್ರ. ಸೊಸೈಟಿಯಲ್ಲಿ ಬಡ್ತಿ, ಹೊಸ ಶಾಖೆಯ ಮ್ಯಾನೇಜರ್ ಹುದ್ದೆ. ಮೇಳದಲ್ಲಿ ವಿದೇಶ ಪ್ರವಾಸದ ಆಹ್ವಾನ, ಹತ್ತೇ ಜನರಿಗೆ ಅವಕಾಶ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಅದರಲ್ಲಿ ಮಳಿಗೆ ಹಾಕುವ ಸಂಘಗಳಿಗೆ ಅದೇ ಪೆಟ್ಟಿಗೆ.

ಸ್ವಸಹಾಯ ಸಂಘಗಳ ವಿಷಯದಲ್ಲಿ ಒಂದು ಮಾತು ಸೇರಿಸಬೇಕು. 1992ರಲ್ಲಿ ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿ ಬ್ಯಾಂಕಾದ ನಬಾರ್ಡ್ ಈ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸ ಶುರುಮಾಡಿತು. ಒಳ್ಳೆಯ ಸಂಘಕ್ಕೆ ಪಂಚಸೂತ್ರ ಎಂದು ಹೇಳಿಕೊಡುತ್ತಾರೆ: ತಪ್ಪದ ಸಭೆ, ತಪ್ಪದ ಉಳಿತಾಯ, ತಪ್ಪದ ಒಳಸಾಲ, ಸಮಯಕ್ಕೆ ಮರುಪಾವತಿ, ಸರಿಯಾದ ಪುಸ್ತಕ. ಐದೂ ಬಹಳ ಒಳ್ಳೆಯ ಸೂತ್ರಗಳು, ಹಲಗೆಯ ಮೇಲೆ ಹೆಜ್ಜೆ ಹೊಂದಿಸುವ ಸೂತ್ರಗಳು. ಸಂಘ ಉದ್ಯಮಕ್ಕೆ ಇಳಿದು ಒಮ್ಮೆಲೇ ದೊಡ್ಡ ಮೊತ್ತ ಕೈಗೆ ಬಂದಾಗ ಮಾತ್ರ ಇನ್ನೊಂದು ಬೇಕಾಗುತ್ತದೆ, ಅದನ್ನು ಸಂಘವೇ ಬರೆದುಕೊಳ್ಳಬೇಕು.

ನಮ್ಮ ಕರಾವಳಿಗೆ ಇದು ಗೊತ್ತಿರದ ವಿದ್ಯೆಯೇನಲ್ಲ. ರಂಪಣಿ ಬಲೆಯ ಕಾಲವನ್ನು ಕಂಡ ಹಿರಿಯರು ಗುಂಪಿನಲ್ಲಿದ್ದರೆ ಅವರಿಗೆ ಮಾತು ಬಿಟ್ಟುಕೊಡಿ. ದೋಣಿಯಲ್ಲಿ ಬಲೆ ಒಯ್ದು ಕಡಲಲ್ಲಿ ಅರ್ಧ ಚಂದ್ರದ ಹಾಗೆ ಬಿಡುತ್ತಿದ್ದರು. ಎರಡು ತುದಿಯ ಹಗ್ಗ ದಡದಲ್ಲಿ ಎರಡು ಗುಂಪಿನ ಕೈಯಲ್ಲಿ. ಹತ್ತಾರು ಜನ ಒಂದೇ ಲಯದಲ್ಲಿ ಎಳೆಯಬೇಕು, ಒಂದು ಕಡೆಯವರು ಅವಸರಪಟ್ಟರೆ ಬಲೆ ಓರೆಯಾಗಿ ಬಂಗಡೆಯೆಲ್ಲ ತಪ್ಪಿಸಿಕೊಳ್ಳುತ್ತದೆ. ಬಲೆ ದಡಕ್ಕೆ ಬಂದಾಗ ಮೀನು ಎಷ್ಟೇ ಇರಲಿ, ಬಲೆಗೆ ಇಷ್ಟು, ದೋಣಿಗೆ ಇಷ್ಟು, ಎಳೆದವರಿಗೆ ಇಷ್ಟು ಎಂಬ ಪಾಲಿನ ಲೆಕ್ಕ ಮೊದಲೇ ಎಲ್ಲರಿಗೂ ಗೊತ್ತಿರುತ್ತಿತ್ತು. ಮೀನು ಕಂಡ ಮೇಲೆ ಚೌಕಾಸಿ ಮಾಡುವ ಪದ್ಧತಿ ಇದ್ದಿದ್ದರೆ ಅಷ್ಟು ಜನ ಒಂದೇ ಹಗ್ಗ ಹಿಡಿದು ನಿಲ್ಲುತ್ತಿರಲಿಲ್ಲ. 1970ರ ದಶಕದ ನಡುವಿನಲ್ಲಿ ಮೀನಿನ ಹಿಂಡನ್ನು ಕಡಲಲ್ಲೇ ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟುಗಳು ಬಂದ ಮೇಲೆ ರಂಪಣಿ ಹಿಂದೆ ಸರಿಯಿತು. ಪಾಲಿನ ಲೆಕ್ಕ ಬೋಟುಗಳಲ್ಲಿ ಇವತ್ತಿಗೂ ಉಳಿದಿದೆ.

ಪಾಲಿನ ಮಾತು ಬರೆಯುವುದು

ಚೀಟಿಗಳಲ್ಲಿ ಹೆಚ್ಚು ಸಲ ಬಂದ ಒಂದು ಪೆಟ್ಟಿಗೆಯನ್ನು ಮಾತ್ರ ಆರಿಸಿ. ಎಲ್ಲವನ್ನೂ ಒಂದೇ ದಿನ ಬಗೆಹರಿಸಲು ಹೋಗಬೇಡಿ. ಉದಾಹರಣೆಗೆ, ಹದಿನೈದು ಜನರ ಒಂದು ಸಂಘಕ್ಕೆ ಹಲಸಿನ ಹಪ್ಪಳದ ದೊಡ್ಡ ಆರ್ಡರ್ ಬರಬಹುದು ಎಂದಿಟ್ಟುಕೊಳ್ಳೋಣ. ಹಲಸಿನ ಕಾಯಿ ಬಲಿಯುವುದು ಬೇಸಿಗೆಯಲ್ಲಿ, ಒಣಗಿಸಲು ಬಿಸಿಲು ಬೇಕು, ಮಳೆ ಹಿಡಿದರೆ ಮುಗಿಯಿತು. ಸಮಯ ಕಡಿಮೆ, ದುಡಿಮೆ ಹೆಚ್ಚು, ಹಣ ಒಮ್ಮೆಲೇ ಬರುತ್ತದೆ.

ಆರ್ಡರ್ ಇನ್ನೂ ಬಂದಿಲ್ಲ, ಅದೇ ಸರಿಯಾದ ಹೊತ್ತು. ಸುದ್ದಿ ಮೊದಲು ಯಾರಿಗೆ ಬರುತ್ತದೆ, ಅವರು ಎಷ್ಟು ಹೊತ್ತಿನೊಳಗೆ ಎಲ್ಲರಿಗೂ ತಿಳಿಸಬೇಕು? ವಾಟ್ಸಾಪ್ ಗುಂಪಿನಲ್ಲಿ ಹಾಕಿದರೆ ಸಾಕೋ, ಫೋನಿಲ್ಲದವರಿಗೆ ಯಾರು ಹೇಳುತ್ತಾರೆ? ಬೆಲೆ ಒಪ್ಪುವ ಅಧಿಕಾರ ಒಬ್ಬರದೋ, ಮೂವರದೋ? ಹಿಟ್ಟು ಕುಟ್ಟುವವರು, ಲಟ್ಟಿಸುವವರು, ಒಣಗಿಸುವವರು, ಪ್ಯಾಕ್ ಮಾಡುವವರು, ಕಾರವಾರಕ್ಕೋ ಹುಬ್ಬಳ್ಳಿಗೋ ಬಸ್ಸಿಗೆ ಹಾಕುವವರು, ಇವರ ಪಾಲು ಗಂಟೆಯ ಲೆಕ್ಕದಲ್ಲೋ, ಹಪ್ಪಳದ ಲೆಕ್ಕದಲ್ಲೋ? ಸಂಘದ ಖಾತೆಗೆ ಎಷ್ಟು? ಆ ವಾರ ಮನೆಯಲ್ಲಿ ಬಾಣಂತಿಯೋ ಮದುವೆಯೋ ಇದ್ದು ಬಾರದವರಿಗೆ ಏನು? ಕೊನೆಯ ಪ್ರಶ್ನೆಯನ್ನು ಹೆಚ್ಚಿನ ಸಂಘಗಳು ಬಿಟ್ಟುಬಿಡುತ್ತವೆ, ಮನಸ್ತಾಪ ಅಲ್ಲಿಂದಲೇ ಮೊಳೆಯುತ್ತದೆ. ಅದಕ್ಕೆ ಉತ್ತರ ಸಿಗುವವರೆಗೆ ಎಬ್ಬಿಸಬೇಡಿ.

ಇದೆಲ್ಲದರ ಜೊತೆಗೆ ಒಂದು ‘ನಿಲ್ಲಿಸಿ’ ಎನ್ನುವ ಹಕ್ಕು ಬೇಕು. ಸದಸ್ಯರಲ್ಲಿ ಯಾರೇ ಆಗಲಿ, ಹಲಗೆ ವಾಲುತ್ತಿದೆ ಅನಿಸಿದರೆ ಕೆಲಸ ನಿಲ್ಲಿಸಿ ಎಲ್ಲರನ್ನೂ ಹತ್ತು ನಿಮಿಷ ಕೂರಿಸಬಹುದು, ಅದಕ್ಕೆ ಯಾರೂ ಬೇಸರಿಸಬಾರದು ಎಂದು ಬರೆಯಿರಿ. ಚಿತ್ರದ ಐವರಲ್ಲಿ ಒಬ್ಬನಿಗೂ ಈ ಹಕ್ಕಿರಲಿಲ್ಲ.

ಬರವಣಿಗೆ ಒಂದು ಪುಟ ಮೀರದಿರಲಿ. ವಕೀಲರ ಭಾಷೆ ಬೇಡ, ಮನೆಯಲ್ಲಿ ಆಡುವ ಮಾತಿನಲ್ಲೇ ಇರಲಿ. ಜೋರಾಗಿ ಎರಡು ಸಲ ಓದಿಸಿ, ಎರಡನೇ ಸಲ ಅತಿ ಕಡಿಮೆ ಮಾತಾಡುವವರಿಂದ. ಎಲ್ಲರ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ ಠರಾವು ಪುಸ್ತಕಕ್ಕೆ ಸೇರಿಸಿ.

ಮೇಲಿನವರಿಗೆ, ನಡೆಸಿಕೊಡುವವರಿಗೆ ಕೆಲವು ಕಟ್ಟುನಿಟ್ಟು

ಅಧ್ಯಕ್ಷರು, ಮ್ಯಾನೇಜರು, ಮುಖ್ಯೋಪಾಧ್ಯಾಯರು ಕೂರಲೇಬೇಕು, ಆದರೆ ಯಾವ ಪ್ರಶ್ನೆಗೂ ಮೊದಲು ಉತ್ತರಿಸಬಾರದು. ಅವರು ಬಾಯಿ ತೆರೆದರೆ ಉಳಿದವರ ಉತ್ತರ ಅದಕ್ಕೆ ತಕ್ಕಂತೆ ಬಾಗುತ್ತದೆ. ಇದನ್ನು ಹಿಂದಿನ ದಿನವೇ ಅವರಿಗೆ ಖಾಸಗಿಯಾಗಿ ಹೇಳಿ ಒಪ್ಪಿಸಿಕೊಳ್ಳಿ. ಮೇಲಧಿಕಾರಿ ಹಲಗೆಯ ಹೊರಗೆ ನಿಂತು ನೋಡುವವರು ಎಂದು ಯಾರೂ ಭಾವಿಸಬಾರದು, ಅವರ ಒಂದು ಹೆಜ್ಜೆಗೆ ಹಲಗೆ ಎಲ್ಲರಿಗಿಂತ ಹೆಚ್ಚು ವಾಲುತ್ತದೆ.

‘ನಮ್ಮಲ್ಲಿ ಪೆಟ್ಟಿಗೆ ಮೇಲೆ ಕೂತವನು ಇಂಥವನೇ’ ಎಂದು ಯಾರಾದರೂ ಬೊಟ್ಟು ಮಾಡಲು ಹೊರಟರೆ ಅಲ್ಲಿಯೇ ತಡೆಯಿರಿ. ಚಿತ್ರದಲ್ಲಿ ಐವರಿಗೂ ಒಂದೇ ಮುಖ ಕೊಟ್ಟಿರುವುದು ಸುಮ್ಮನೆ ಅಲ್ಲ, ಇವತ್ತು ಅವನು ನಿಂತ ಜಾಗದಲ್ಲಿ ನಾಳೆ ನಾವಿರಬಹುದು. ಹಾಗೆಯೇ, ಕೊನೆಯ ದೃಶ್ಯವನ್ನು ‘ಹೇಳಿದ ಹಾಗೆ ಕೇಳದಿದ್ದರೆ ಇದೇ ಗತಿ’ ಎಂದು ಸಿಬ್ಬಂದಿಯನ್ನು ಹೆದರಿಸಲು ಬಳಸುವುದು ತಪ್ಪು. ಕಡಿಮೆ ಸಂಬಳ, ಹೆಚ್ಚು ಕೆಲಸದ ಪ್ರಶ್ನೆ ಎತ್ತುವವರ ಬಾಯಿ ಮುಚ್ಚಿಸಲು ಸಮತೋಲನದ ಮಾತು ಆಡಿದರೆ ಜನ ಎರಡನೇ ಸಲ ನಿಮ್ಮನ್ನು ನಂಬುವುದಿಲ್ಲ.

ಚಿತ್ರ ಹೇಳದ ವಿಷಯಗಳೂ ಇವೆ. ಅಲ್ಲಿಗೆ ಹೊಸಬರು ಬರುವುದಿಲ್ಲ, ಎಲ್ಲರ ತೂಕವೂ ಒಂದೇ, ವಯಸ್ಸಾದವರಿಲ್ಲ, ಕಲಿಯುವವರಿಲ್ಲ. ಹೊಸದಾಗಿ ಸೇರಿದವರನ್ನು ಗುಂಪು ಹೇಗೆ ನಡೆಸಿಕೊಳ್ಳುತ್ತದೆ ಎಂಬುದು ನಿಮ್ಮ ಸಮಸ್ಯೆಯಾದರೆ ಪಿಕ್ಸಾರ್ ಸಂಸ್ಥೆಯ ‘ಫಾರ್ ದಿ ಬರ್ಡ್ಸ್’ ಹಾಕಿ: ತಂತಿಯ ಮೇಲೆ ಕೂತ ಪುಟ್ಟ ಹಕ್ಕಿಗಳು, ಅವುಗಳ ನಡುವೆ ಬಂದು ಕೂರುವ ಒಂದು ದೊಡ್ಡ ಹಕ್ಕಿ. ನಾಲ್ಕು ನಿಮಿಷವೂ ಇಲ್ಲ, ಮಕ್ಕಳಿಗೂ ಆಗುತ್ತದೆ. ಹೆದರಿಕೊಂಡವರಿಗೆ ಕೆಲಸ ಕಲಿಸುವುದು ಹೇಗೆ ಎಂಬ ಮಾತಿಗೆ ಅದೇ ಸಂಸ್ಥೆಯ 2016ರ ‘ಪೈಪರ್’ ಬಹಳ ಚೆನ್ನ. ಅಲೆಗೆ ಹೆದರುವ ಕಡಲಹಕ್ಕಿಯ ಮರಿಯ ಕಥೆ, ಕರಾವಳಿಯ ಮಕ್ಕಳು ಪರದೆ ಬಿಟ್ಟು ಕಣ್ಣು ಕದಲಿಸುವುದಿಲ್ಲ.

ಒಂದು ತಿಂಗಳ ನಂತರ

ಮತ್ತೆ ಅದೇ ಜನರನ್ನು ಇಪ್ಪತ್ತು ನಿಮಿಷ ಕೂರಿಸಿ. ಚಿತ್ರ ಹಾಕಬೇಡಿ. ಬರೆದ ಪುಟವನ್ನು ತೆಗೆದು ಓದಿಸಿ, ಮೂರು ವಿಷಯ ಕೇಳಿ: ಇದರಲ್ಲಿ ಯಾವುದನ್ನು ಪಾಲಿಸಿದಿರಿ, ಯಾವುದು ಕೆಲಸಕ್ಕೆ ಬಾರದು ಅನಿಸಿತು, ‘ನಿಲ್ಲಿಸಿ’ ಎಂದು ಯಾರಾದರೂ ಹೇಳಿದರೇ? ಯಾರೂ ಹೇಳಿಲ್ಲವೆಂದರೆ ಎಲ್ಲ ಸರಿಯಿದೆ ಎಂದು ತಕ್ಷಣ ತಿಳಿಯಬೇಡಿ. ಹೇಳಲು ಧೈರ್ಯ ಬರಲಿಲ್ಲವೋ ಎಂದು ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ವಿಚಾರಿಸಿ. ಬದಲಿಸಬೇಕಾದ ಸಾಲನ್ನು ಅಲ್ಲೇ ಗೆರೆ ಎಳೆದು ಬದಲಿಸಿ, ತಾರೀಖು ಹಾಕಿ, ಚೀಟಿಗಳಲ್ಲಿ ಎರಡನೇ ಸ್ಥಾನದಲ್ಲಿದ್ದ ಪೆಟ್ಟಿಗೆಯನ್ನು ಮುಂದಿನ ತಿಂಗಳ ಸಭೆಗೆ ಇಟ್ಟುಕೊಳ್ಳಿ.